ಓದುಗರ ಪ್ರಶ್ನೆ: ಚರ್ಚೆಯಿಂದ ಮಕ್ಕಳ ಓದು ಸುಧಾರಿಸುವುದೆ?

ಪ್ರಶ್ನೆ: ಅಮೆರಿಕದ ದೊಡ್ಡ ನಗರಗಳಲ್ಲಿ, ಸೌಕರ್ಯಗಳಿಲ್ಲದ ಸರ್ಕಾರಿ ಶಾಲೆಗಳ ಮಕ್ಕಳ ಕಲಿಕೆಯನ್ನು ಮೇಲೆತ್ತಲು ಚರ್ಚಾಸ್ಪರ್ಧೆಗಳನ್ನು ಬಳಸುತ್ತಾರೆಂದು ಓದಿದೆ. ಪಠ್ಯವನ್ನೇ ತಡವರಿಸಿಕೊಂಡು ಓದುವ ಮಗುವನ್ನು ವೇದಿಕೆ ಹತ್ತಿಸಿದರೆ ಏನು ಪ್ರಯೋಜನ? ಮೊದಲೇ ಚುರುಕಾಗಿರುವ ನಾಲ್ಕು ಮಕ್ಕಳಿಗೆ ಇನ್ನಷ್ಟು ಬಹುಮಾನ ಕೊಡಿಸುವ ಏರ್ಪಾಡಲ್ಲವೆ ಇದು?
— ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ತಮ್ಮ ಅನುಮಾನ ನಿರಾಧಾರವಾದುದಲ್ಲ. ಅಮೆರಿಕದಲ್ಲಿಯೂ ಶಾಲಾ ಚರ್ಚಾಸ್ಪರ್ಧೆ ಬಹುಕಾಲ ಉಳ್ಳವರ ಆಟವೇ ಆಗಿತ್ತು. ಊರಿಂದೂರಿಗೆ ಪ್ರಯಾಣ, ಬೇಸಿಗೆ ಶಿಬಿರಗಳ ಶುಲ್ಕ, ಪೆಟ್ಟಿಗೆಗಟ್ಟಲೆ ಪುರಾವೆ ಕಾಗದಗಳು, ಇದಕ್ಕೆಂದೇ ಬಿಡುವಿರುವ ತರಬೇತುದಾರ, ಇವೆಲ್ಲ ಇದ್ದ ಶಾಲೆಗಳು ಮಾತ್ರ ಕಣದಲ್ಲಿ ಉಳಿಯುತ್ತಿದ್ದವು. ಬಡವರ ಮಕ್ಕಳಲ್ಲಿ ಪ್ರತಿಭೆಯಿರಲಿಲ್ಲ ಎಂದಲ್ಲ. ಟೆಕ್ಸಸ್‌ನ ಪುಟ್ಟ ವೈಲಿ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು, ಕವಿಯೂ ಅಧ್ಯಾಪಕರೂ ಆಗಿದ್ದ ಮೆಲ್ವಿನ್ ಟಾಲ್ಸನ್ ಅವರ ತರಬೇತಿಯಲ್ಲಿ ಪಳಗಿ, 1935ರಷ್ಟು ಹಿಂದೆಯೇ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವನ್ನು ಸೋಲಿಸಿದ್ದರು. ಕೊರತೆಯಿದ್ದದ್ದು ಅವಕಾಶಕ್ಕೆ. 1985ರಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದವರು, ಮೆಲಿಸಾ ವೇಡ್ ಅವರ ಮುಂದಾಳ್ತನದಲ್ಲಿ, ಆ ನಗರದ ಸರ್ಕಾರಿ ಶಾಲೆಗಳಲ್ಲಿ ಚರ್ಚೆಯನ್ನು ಆರಂಭಿಸಿದರು. 1997ರ ನಂತರ ದತ್ತಿ ಸಂಸ್ಥೆಯಾದ ಓಪನ್ ಸೊಸೈಟಿ ಇನ್‌ಸ್ಟಿಟ್ಯೂಟ್‌ನ ಹಣದ ನೆರವಿನಿಂದ ಶಿಕಾಗೊ, ಬಾಲ್ಟಿಮೋರ್ ಮೊದಲಾದ ನಗರಗಳಿಗೆ ಅದು ಹಬ್ಬಿತು. ‘ಅರ್ಬನ್ ಡಿಬೇಟ್ ಲೀಗ್’ ಎಂದು ಅಲ್ಲಿ ಕರೆಯುವುದು ಇಂಥ ನಗರ ಚರ್ಚಾ ಕೂಟಗಳನ್ನೇ.

ಇಲ್ಲಿ ಚರ್ಚೆಯೆಂದರೆ ಬಾಯಿಪಾಠ ಮಾಡಿ ಒಪ್ಪಿಸುವ ಭಾಷಣವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಇಡೀ ವರ್ಷಕ್ಕೆ, ಇಡೀ ದೇಶಕ್ಕೆ ಒಂದೇ ವಿಷಯವಿರುತ್ತದೆ. ಅದು ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಯಾವುದಾದರೊಂದು ನೀತಿಗೆ ಸಂಬಂಧಿಸಿದ್ದು. ಇಬ್ಬಿಬ್ಬರ ಎರಡು ತಂಡಗಳು ಎದುರುಬದುರು ಕೂರುತ್ತವೆ. ಪ್ರತಿಯೊಬ್ಬರೂ 8 ನಿಮಿಷ ವಾದ ಮಂಡಿಸಿ, ಎದುರಾಳಿಯ 3 ನಿಮಿಷಗಳ ಪಾಟೀಸವಾಲಿಗೆ ಉತ್ತರಿಸಿ, ಕೊನೆಯಲ್ಲಿ 5 ನಿಮಿಷ ಪ್ರತಿವಾದ ಮಾಡುತ್ತಾರೆ. ಮುಂದಿನ ಸುತ್ತಿನಲ್ಲಿ ಅದೇ ತಂಡ ಎದುರು ಪಕ್ಷವನ್ನು ವಹಿಸಿ ಮಾತನಾಡಬೇಕಾಗುತ್ತದೆ. ಹೀಗಾಗಿ ವಿಷಯದ ಒಂದು ಮಗ್ಗುಲನ್ನಷ್ಟೇ ಓದಿಕೊಂಡು ಬಂದವರಿಗೆ ದಿನದ ಅರ್ಧ ಭಾಗ ಸೋಲು ಖಚಿತ.

ನನ್ನ ಮಟ್ಟಿಗೆ ಈ ಆಟದ ಜೀವಾಳವಿರುವುದು ಮಾತಿನಲ್ಲಲ್ಲ, ಮೇಜಿನ ಮೇಲಿನ ಕಾಗದದಲ್ಲಿ. ಮಗು ಉದ್ದನೆಯ ಹಾಳೆಯಲ್ಲಿ ಸಾಲಾಗಿ ಅಂಕಣಗಳನ್ನು ಮಾಡಿಕೊಂಡು, ತನ್ನ ಪಕ್ಷದ ಮಾತಿಗೆ ಒಂದು ಬಣ್ಣದ ಪೆನ್ನು, ಎದುರಾಳಿಯ ಮಾತಿಗೆ ಇನ್ನೊಂದು ಬಣ್ಣದ ಪೆನ್ನು ಹಿಡಿದು, ಪ್ರತಿಯೊಂದು ವಾದವನ್ನೂ ಅದಕ್ಕೆ ಬಂದ ಉತ್ತರವನ್ನೂ ಅಕ್ಕಪಕ್ಕದಲ್ಲಿ ಬರೆದುಕೊಳ್ಳುತ್ತದೆ. ಯಾವ ವಾದದ ಪಕ್ಕದ ಜಾಗ ಖಾಲಿ ಉಳಿಯಿತೋ ಅದಕ್ಕೆ ಯಾರೂ ಉತ್ತರಿಸಿಲ್ಲ ಎಂದರ್ಥ. ಅದನ್ನು ಬೆರಳಿಟ್ಟು ತೋರಿಸಿದ ತಂಡ ಆ ಅಂಶವನ್ನು ಗೆದ್ದಂತೆ. ಒಂದು ಗಂಟೆಗೂ ಮೀರಿದ ಅಷ್ಟು ಹೊತ್ತು ಇನ್ನೊಬ್ಬರ ಮಾತನ್ನು ಹೀಗೆ ಕಿವಿಗೊಟ್ಟು ಕೇಳಿ, ಸಂಗ್ರಹಿಸಿ, ತೂಗಿ ನೋಡುವ ಅಭ್ಯಾಸವನ್ನು ಬೇರೆ ಯಾವ ಪಾಠ ಕಲಿಸೀತು? ಅದಕ್ಕಿಂತ ಹೆಚ್ಚಾಗಿ, ಪಠ್ಯಪುಸ್ತಕಕ್ಕಿಂತ ಎಷ್ಟೋ ಕಠಿಣವಾದ ಪತ್ರಿಕಾ ಲೇಖನಗಳನ್ನೂ ತಜ್ಞರ ವರದಿಗಳನ್ನೂ ಮಗು ಓದುವುದು ಪರೀಕ್ಷೆಯ ಭಯದಿಂದಲ್ಲ, ಬರುವ ಶನಿವಾರ ಎದುರಾಳಿ ಅದರಲ್ಲೇ ಪ್ರಶ್ನೆ ಕೇಳುತ್ತಾನೆಂಬ ಕಾರಣದಿಂದ.

ಇನ್ನು ‘ಚುರುಕಾದ ನಾಲ್ಕು ಮಕ್ಕಳು’ ಎಂಬ ತಮ್ಮ ಆಕ್ಷೇಪದ ಮಾತು. ಈ ಕೂಟಗಳು ಹೊಸಬರಿಗೆಲ್ಲ ವಾದಕ್ಕೆ ಆಧಾರವಾಗುವ ಬರಹಗಳ ಒಂದೇ ಪುರಾವೆ ಕಟ್ಟನ್ನು ಕೊಡುತ್ತವೆ, ಮೊದಲ ಹಂತದಲ್ಲಿ ಅದರಾಚೆಗಿನ ಪುರಾವೆಗೆ ಮಿತಿ ಹಾಕುತ್ತವೆ. ಸ್ಪರ್ಧೆಯ ದಿನ ಬಸ್ಸು ಮತ್ತು ಊಟದ ಹೊಣೆಯೂ ಹಲವೆಡೆ ಕೂಟದ್ದೇ. ಮೇಲ್ನೋಟಕ್ಕೆ ಇವು ಸಣ್ಣ ಸಂಗತಿಗಳು, ಆದರೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗು ಇರುವ ಮಗುವಿನೆದುರು ಸಮನಾಗಿ ಕೂರುವುದು ಇವುಗಳಿಂದಲೇ.

ಫಲಿತಾಂಶ ಏನೆನ್ನುತ್ತದೆ? ಶಿಕಾಗೊದ ಕಪ್ಪು ಹುಡುಗರ 1997ರಿಂದ 2006ರವರೆಗಿನ ದಾಖಲೆಗಳನ್ನು ಪರಿಶೀಲಿಸಿ ಬ್ರಿಯಾನಾ ಮೆಝುಕ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚರ್ಚೆಯಲ್ಲಿ ಪಾಲ್ಗೊಂಡವರು ಪ್ರೌಢಶಾಲೆ ಮುಗಿಸುವ ಸಾಧ್ಯತೆ ಉಳಿದವರಿಗಿಂತ ಶೇಕಡಾ 70ರಷ್ಟು ಹೆಚ್ಚಾಗಿತ್ತು. ಆದರೆ ಓದಿನಲ್ಲಿ ಆಸಕ್ತಿಯಿದ್ದವರೇ ಚರ್ಚೆಗೂ ಸೇರಿರಬಹುದಲ್ಲ ಎಂಬ ಪ್ರಶ್ನೆ ಇಂಥ ಹೋಲಿಕೆಯ ಬೆನ್ನಿಗೇ ಬರುತ್ತದೆ. ಆ ಪ್ರಶ್ನೆಗೆ ಹೆಚ್ಚು ಬಿಗಿಯಾದ ಉತ್ತರ ದೊರೆತದ್ದು ಬಾಸ್ಟನ್‌ನಿಂದ. ಅಲ್ಲಿ 10 ವರ್ಷಗಳಲ್ಲಿ ಚರ್ಚೆಗೆ ಸೇರಿದ 3,515 ವಿದ್ಯಾರ್ಥಿಗಳನ್ನು ಕುರಿತು ಬೆತ್ ಶೂಲರ್ ಮತ್ತು ಕ್ಯಾಥರೀನ್ ಲಾರ್ನೆಡ್ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಭಾಷಾ ಪರೀಕ್ಷೆಯಲ್ಲಿ ಈ ಮಕ್ಕಳು ಗಳಿಸಿದ ಹೆಚ್ಚಳ ಒಂಬತ್ತನೇ ತರಗತಿಯ ಇಡೀ ವರ್ಷದ ಕಲಿಕೆಯ ಸುಮಾರು ಮೂರನೇ ಎರಡು ಭಾಗಕ್ಕೆ ಸಮನಾಗಿತ್ತು. ಅದೂ ನೆನಪಿನ ಪ್ರಶ್ನೆಗಳಿಗಿಂತ ಹೆಚ್ಚಾಗಿ ವಿಶ್ಲೇಷಣೆಯ ಪ್ರಶ್ನೆಗಳಲ್ಲಿ. ಗಣಿತದ ಅಂಕಗಳಿಗೆ ಇದರಿಂದ ಹಾನಿಯಾಗಲಿಲ್ಲ. ತಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಅಂಶವೆಂದರೆ, ಅತ್ಯಂತ ಹೆಚ್ಚು ಲಾಭವಾದದ್ದು ಮೊದಲು ಕಡಿಮೆ ಅಂಕ ಪಡೆಯುತ್ತಿದ್ದ ಮಕ್ಕಳಿಗೆ. ಆದ್ದರಿಂದ ಒಳ್ಳೆಯ ಮಾತುಗಾರರನ್ನು ಆರಿಸಿ ತಂಡ ಕಟ್ಟುವ ಶಾಲೆ ಮದ್ದನ್ನು ಆರೋಗ್ಯವಂತರಿಗೆ ಹಂಚುತ್ತಿದೆ ಎಂದೇ ನಾನು ಹೇಳುತ್ತೇನೆ.

ಒಂದು ದೋಷವನ್ನು ಮುಚ್ಚಿಡಬಾರದು. ಈ ಬಗೆಯ ಸ್ಪರ್ಧೆಯ ಮೇಲಿನ ಹಂತಗಳಲ್ಲಿ ಹೆಚ್ಚು ವಾದಗಳನ್ನು ತುರುಕುವ ಹಂಬಲದಿಂದ ಉಸಿರು ಬಿಡದೆ ಓದುವ ಚಾಳಿ ಬೆಳೆದಿದೆ. ಕೇಳುವವರಿಗೆ ಒಂದಕ್ಷರವೂ ತಿಳಿಯದು. ಅದು ನನಗೆ ಒಪ್ಪಿಗೆಯಿಲ್ಲ, ಅನುಕರಣೆಗೆ ಯೋಗ್ಯವೂ ಅಲ್ಲ.

ಪ್ರಶ್ನೆ: ನಮ್ಮದು ನಗರದ ಇಕ್ಕಟ್ಟಾದ ಶಾಲೆ. ತರಗತಿ ತುಂಬ ಮಕ್ಕಳು. ಶಾಲೆ ಬಿಟ್ಟ ಮೇಲೆ ಅವರನ್ನು ಉಳಿಸಿಕೊಳ್ಳಲಾಗದು, ಖರ್ಚಿಗೆ ಹಣವೂ ಇಲ್ಲ. ಸ್ಪರ್ಧೆಯಿಲ್ಲದೆ, ಪಾಠದ ಅವಧಿಯಲ್ಲೇ ಇದನ್ನು ಮಾಡಬಹುದೆ?
— ಪ್ರೌಢಶಾಲಾ ಶಿಕ್ಷಕಿ

ಉತ್ತರ: ಮಾಡಬಹುದು. ಸ್ಪರ್ಧೆಗಿಂತ ಇದೇ ಹೆಚ್ಚು ಮಕ್ಕಳನ್ನು ತಲುಪುವ ದಾರಿಯೆಂದು ನನ್ನ ಅಭಿಪ್ರಾಯ. ಎರಡೂ ಪಕ್ಷಗಳಿಗೆ ಸಾಮಗ್ರಿಯಿರುವ ಒಂದೆರಡು ಪುಟಗಳ ಬರಹವನ್ನು, ಅದು ಇತಿಹಾಸದ ಪಾಠವಾಗಲಿ ವಿಜ್ಞಾನದ ಪಾಠವಾಗಲಿ, ಆರಿಸಿಕೊಳ್ಳಿ. ಮಕ್ಕಳನ್ನು ನಾಲ್ವರ ಗುಂಪುಗಳಾಗಿ ವಿಂಗಡಿಸಿ: ಇಬ್ಬರು ವಾದಿಸುವವರು, ಇಬ್ಬರು ಟಿಪ್ಪಣಿ ಬರೆದುಕೊಂಡು ತೀರ್ಪು ಹೇಳುವವರು, ಮುಂದಿನ ಸುತ್ತಿನಲ್ಲಿ ಪಾತ್ರಗಳು ಬದಲಾಗಲಿ. ಯಾರು ಪರ, ಯಾರು ವಿರೋಧ ಎಂಬುದನ್ನು ಓದಿ ಮುಗಿದ ಮೇಲೆ ನಾಣ್ಯ ಚಿಮ್ಮಿ ನಿರ್ಧರಿಸಿ. ಮೊದಲೇ ಹೇಳಿಬಿಟ್ಟರೆ ಮಗು ತನಗೆ ಬೇಕಾದ ನಾಲ್ಕು ಸಾಲು ಹುಡುಕಿ ಉಳಿದದ್ದನ್ನು ಬಿಟ್ಟುಬಿಡುತ್ತದೆ. ಎಲ್ಲ ಗುಂಪುಗಳೂ ಏಕಕಾಲಕ್ಕೆ ಮಾತನಾಡುವುದರಿಂದ ಸದ್ದಾಗುತ್ತದೆ. ಆ ಸದ್ದಿಗೆ ತಾವೂ ಹೆದರಬೇಡಿ, ಪಕ್ಕದ ಕೋಣೆಯವರಿಗೂ ಒಂದು ಮಾತು ಹೇಳಿಡಿ.

ಪ್ರತಿಯೊಂದು ವಾದಕ್ಕೂ ಮೂರು ಕಾಲುಗಳಿರಬೇಕೆಂದು ನಿಯಮ ಮಾಡಿ: ನನ್ನ ಹೇಳಿಕೆ ಏನು, ಬರಹದ ಯಾವ ಸಾಲು ಅದಕ್ಕೆ ಆಧಾರ, ಆ ಸಾಲು ನನ್ನ ಹೇಳಿಕೆಯನ್ನು ಹೇಗೆ ಸಮರ್ಥಿಸುತ್ತದೆ. ಮಕ್ಕಳು ಮೊದಲೆರಡನ್ನು ಬೇಗ ಕಲಿಯುತ್ತಾರೆ, ಮೂರನೆಯದರಲ್ಲಿ ಎಡವುತ್ತಾರೆ. ಎಡವಿದಾಗ ತಾವು ತಿದ್ದಬೇಕಾಗಿಲ್ಲ, ಎದುರಾಳಿಯೇ ತಿದ್ದುತ್ತದೆ. “ಶಾಲೆ ತಡವಾಗಿ ಆರಂಭವಾದರೆ ಎಲ್ಲ ಮಕ್ಕಳಿಗೂ ಒಳ್ಳೆಯದು” ಎಂದು ಒಂದು ಮಗು ಸಾಲನ್ನು ಓದಿ ಹೇಳಿತೆನ್ನಿ. “ನೀನು ಓದಿದ ಸಾಲಿನಲ್ಲಿ ‘ಕೆಲವು ಮಕ್ಕಳಿಗೆ’ ಅಂತ ಇದೆ, ನೀನು ‘ಎಲ್ಲ’ ಅಂದೆಯಲ್ಲ?” ಎಂದು ಎದುರಿನ ಮಗು ಕೇಳಿದ ಆ ಕ್ಷಣದಲ್ಲಿ ಇಬ್ಬರೂ ಅದೇ ಸಾಲನ್ನು ಮತ್ತೊಮ್ಮೆ, ಈ ಸಲ ಪದಪದವಾಗಿ, ಓದುತ್ತಾರೆ. ಇದಕ್ಕಾಗಿ ಎರಡು ನಿಮಿಷಗಳ ಪಾಟೀಸವಾಲನ್ನು ಕಡ್ಡಾಯವಾಗಿ ಇಡಿ, ಆ ಹೊತ್ತಿನಲ್ಲಿ ಭಾಷಣಕ್ಕೆ ಅವಕಾಶವಿಲ್ಲ, ಪ್ರಶ್ನೆ ಮಾತ್ರ.

ಮಾತನಾಡಲು ಅಂಜುವ ಮಗುವನ್ನು ಮೊದಲ ಕೆಲವು ವಾರ ತೀರ್ಪುಗಾರನನ್ನಾಗಿ ಮಾಡಬಹುದು, ಆದರೆ ಅಲ್ಲೇ ಉಳಿಸಬಾರದು. ತೀರ್ಪು ಹೇಳುವವರು “ಅವಳು ಚೆನ್ನಾಗಿ ಮಾತಾಡಿದಳು” ಎಂದರೆ ಸಾಲದು. ತಮ್ಮ ಟಿಪ್ಪಣಿಯಿಂದ ಉತ್ತರ ಸಿಗದ ಒಂದು ವಾದವನ್ನಾದರೂ ತೋರಿಸಬೇಕು. ಶಾಲೆಯ ಭಾಷೆ ಮನೆಯ ಭಾಷೆಯಲ್ಲದ ಮಕ್ಕಳು ಸಿದ್ಧತೆಯನ್ನು ತಮ್ಮ ಭಾಷೆಯಲ್ಲೇ ಮಾಡಿಕೊಳ್ಳಲಿ, ಯೋಚನೆ ಗಟ್ಟಿಯಾದ ಮೇಲೆ ಶಾಲೆಯ ಭಾಷೆಗೆ ತರಲಿ. ಆರಂಭದಲ್ಲಿ ಅಂಕ ಕೊಡಬೇಡಿ.

ಪ್ರಶ್ನೆ: ಎಂಟನೇ ತರಗತಿಯ ನನ್ನ ಮಗಳು ಚರ್ಚಾ ತಂಡ ಸೇರಿದ್ದಾಳೆ. ತಾನು ಒಪ್ಪದ ಪಕ್ಷವನ್ನೂ ವಾದಿಸಬೇಕಂತೆ. ಇದು ಸುಳ್ಳನ್ನು ಕಲಿಸಿದಂತೆ ಅಲ್ಲವೆ? ಈಗೀಗ ಮನೆಯಲ್ಲಿಯೂ ಎಲ್ಲದಕ್ಕೂ ವಾದ.
— ತಂದೆ

ಉತ್ತರ: ಒಪ್ಪದ ಪಕ್ಷವನ್ನು ತನ್ನದೆಂದು ನಂಬಿಸುವುದು ಸುಳ್ಳು, ಅದು ನಿಯೋಜಿತ ಪಕ್ಷವೆಂದು ಕೋಣೆಯಲ್ಲಿರುವ ಎಲ್ಲರಿಗೂ ತಿಳಿದಿರುವಾಗ ಅದು ಅಭ್ಯಾಸ. ಆದರೆ ಮಗುವಿನ ಜಾತಿ, ಧರ್ಮ, ಬಣ್ಣ, ಬಡತನಗಳ ಘನತೆಯನ್ನೇ ಪ್ರಶ್ನೆಗೊಡ್ಡುವ ವಿಷಯವನ್ನು ಯಾವ ಶಾಲೆಯೂ ಚರ್ಚೆಗೆ ಇಡಬಾರದು. ಅಂಥದ್ದು ಕಂಡುಬಂದರೆ ತಾವು ತಕರಾರು ಮಾಡುವುದು ನ್ಯಾಯ. ಮನೆಯ ವಾದದ ಮಟ್ಟಿಗೆ, ಅವಳನ್ನು ಗದರಿಸುವ ಬದಲು “ಇದಕ್ಕೆ ಆಧಾರವೇನಮ್ಮ?” ಎಂದು ಕೇಳಿ ನೋಡಿ. ಅರ್ಧದಷ್ಟು ವಾದಗಳು ಅಲ್ಲಿಗೇ ನಿಲ್ಲುತ್ತವೆ. ಉಳಿದರ್ಧದಲ್ಲಿ ಅವಳು ಅದೇ ಪ್ರಶ್ನೆಯನ್ನು ತಮಗೆ ಕೇಳುತ್ತಾಳೆ, ಉತ್ತರ ಸಿದ್ಧವಿರಲಿ.