ತಾಪಮಾನ, ಇಬ್ಬನಿ ಬಿಂದು ಮತ್ತು ಮಲೆನಾಡಿನ ಆಕಾಶ

ಪ್ರಶ್ನೆ: ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಡೆಸುವ ಹವಾಮಾನ ಪರೀಕ್ಷೆಗೆ ಓದುತ್ತಿದ್ದೇನೆ. ಮೆಟಾರ್ ಅನ್ನುವ ವಿಮಾನ ನಿಲ್ದಾಣದ ಹವಾಮಾನ ವರದಿಯಲ್ಲಿ ತಾಪಮಾನದ ಪಕ್ಕದಲ್ಲೇ ಇಬ್ಬನಿ ಬಿಂದು ಕೊಟ್ಟಿರುತ್ತಾರೆ. ವ್ಯಾಖ್ಯಾನ ಬಾಯಿಪಾಠವಾಗಿದೆ. ಹಾರುವವರಿಗೆ ಅದರಿಂದ ಏನು ಉಪಯೋಗ ಅನ್ನುವುದು ಮಾತ್ರ ತಿಳಿಯುತ್ತಿಲ್ಲ.
— ವಿದ್ಯಾರ್ಥಿ ಪೈಲಟ್, ತೀರ್ಥಹಳ್ಳಿ

ಉತ್ತರ: ಮಲೆನಾಡಿನ ಮೇಲೆ ಹಾರುವವರು ವರದಿ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ಆ ಎರಡು ಅಂಕಿಗಳ ಅಂತರವನ್ನೇ. ಗಾಳಿ ತಣ್ಣಗಾಗುತ್ತಾ ಇಬ್ಬನಿ ಬಿಂದುವಿಗೆ ಇಳಿದರೆ ಅದರಲ್ಲಿರುವ ತೇವ ಹನಿಗಟ್ಟುತ್ತದೆ. ನೆಲಮಟ್ಟದಲ್ಲಿ ಹನಿಗಟ್ಟಿದರೆ ಮಂಜು, ಮೇಲೇರಿ ಹನಿಗಟ್ಟಿದರೆ ಮೋಡ.

ಡಿಸೆಂಬರ್ ಸಂಜೆ ಆರು ಗಂಟೆಯ ವರದಿ 24/17 ಅಂತಿದೆ ಅನ್ನಿ, ಅಂದರೆ ತಾಪಮಾನ 24, ಇಬ್ಬನಿ ಬಿಂದು 17 ಡಿಗ್ರಿ. (ವರದಿಯಲ್ಲಿ ಸಮಯ 1230 ಅಂತಲೇ ಇರುತ್ತದೆ. ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ. ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಿ.) ಆಕಾಶ ತಿಳಿಯಾಗಿದೆ, ಎಲೆ ಅಲುಗುವಷ್ಟೂ ಗಾಳಿ ಇಲ್ಲ. ಇಂಥ ರಾತ್ರಿ ನೆಲ ಹಗಲಿನ ಬಿಸಿಯನ್ನೆಲ್ಲ ಬಿಟ್ಟುಕೊಡುತ್ತದೆ. ತುಂಗೆಯ ದಂಡೆ, ಗಾಜನೂರಿನ ಹಿನ್ನೀರು, ಗದ್ದೆ, ಅಡಿಕೆ ತೋಟದ ತೇವವೂ ಜೊತೆಗೂಡುತ್ತದೆ. ಬೆಳಗಿನ ಜಾವ ತಾಪಮಾನ 17ರ ಹತ್ತಿರ ಬಂತೆಂದರೆ ಮಂಜು ಕಟ್ಟಲು ಎಲ್ಲವೂ ಸಜ್ಜು. ಅಂತರ ಎರಡು ಮೂರು ಡಿಗ್ರಿಗೆ ಇಳಿಯುವಾಗಲೇ ಎಚ್ಚರವಾಗಿರಿ. ಸೂರ್ಯ ಹುಟ್ಟಿದ, ಇನ್ನೇನು ಕರಗಿತು ಅಂತ ಹೊರಡಬೇಡಿ. ಮೊದಲ ಬಿಸಿಲಿಗೆ ಗಾಳಿ ಸ್ವಲ್ಪ ಅಲುಗಿ, ಮಂಜು ಕೆಲಹೊತ್ತು ಇನ್ನಷ್ಟು ದಟ್ಟವಾಗುವುದೂ ಉಂಟು.

ತೆಳು ಮಂಜಿನದು ಇನ್ನೂ ಒಂದು ಅಪಾಯವಿದೆ. ನೇರ ಮೇಲಿನಿಂದ ನೋಡಿದರೆ ರನ್‌ವೇ ಚೆನ್ನಾಗಿ ಕಾಣುತ್ತದೆ, ಏಕೆಂದರೆ ನಿಮ್ಮ ನೋಟ ಹಾಯುವುದು ಕೆಲವೇ ಮೀಟರ್ ಮಂಜನ್ನು. ಇಳಿಯಲು ಓರೆಯಾಗಿ ಬಂದಾಗ ಅದೇ ಮಂಜನ್ನು ನೂರಾರು ಮೀಟರ್ ಹಾಯ್ದು ನೋಡಬೇಕು. ಆಗ ರನ್‌ವೇ ಕಣ್ಣಿಂದ ಮರೆಯಾಗುತ್ತದೆ. ಹಾಗಾದರೆ ಅಲ್ಲಿಯೇ ಶಕ್ತಿ ಕೊಟ್ಟು ಮೇಲೇರಿ, ಹುಡುಕುತ್ತಾ ಕೆಳಗಿಳಿಯಬೇಡಿ.

ಮಳೆಗಾಲಕ್ಕೂ ಇದೇ ಲೆಕ್ಕ ನಡೆಯುತ್ತದೆ. ಮೇಲೇರುವ ಗಾಳಿಯ ಮೋಡ ಎಷ್ಟು ಎತ್ತರದಲ್ಲಿ ಶುರುವಾಗುತ್ತದೆ ಅಂತ ಅಂದಾಜು ಮಾಡಲು, ಅಂತರದ ಒಂದೊಂದು ಡಿಗ್ರಿಗೆ 400 ಅಡಿ ಹಿಡಿಯಿರಿ. ಜುಲೈಯಲ್ಲಿ ಕರಾವಳಿಯ ಗಾಳಿ 27/25 ಇದ್ದರೆ ಅಂತರ ಎರಡೇ ಡಿಗ್ರಿ, ಅಂದರೆ 800 ಅಡಿ. ಆ ಗಾಳಿಯನ್ನು ಪಶ್ಚಿಮ ಘಟ್ಟ ಮೇಲಕ್ಕೆ ದಬ್ಬುತ್ತದೆ. ಆಗುಂಬೆ ಇರುವುದು 2,000 ಅಡಿಗಿಂತ ಮೇಲೆ. ಅಲ್ಲಿಯವರು ದಿನಗಟ್ಟಲೆ ಮೋಡದೊಳಗೇ ಓಡಾಡುವುದು ಏಕೆಂದು ಈಗ ಗೊತ್ತಾಯಿತಲ್ಲ. 1,343 ಮೀಟರ್ ಎತ್ತರದ ಕೊಡಚಾದ್ರಿಯಂತೂ ಕಾಣುವುದೇ ಇಲ್ಲ. ಮೋಡದೊಳಗೆ ಬೆಟ್ಟ ಇದೆ ಅನ್ನುವುದನ್ನು ನಕ್ಷೆ ನೋಡಿಯೇ ತಿಳಿಯಬೇಕು.

ಒಂದು ವಿಷಯ ಮರೆಯಬೇಡಿ. ಮೆಟಾರ್‌ನಲ್ಲಿ ಮೋಡದ ಎತ್ತರ ಹೇಳುವುದು ವಿಮಾನ ನಿಲ್ದಾಣದ ನೆಲದಿಂದ, ನಿಮ್ಮ ಆಲ್ಟಿಮೀಟರ್ (ಎತ್ತರ ತೋರಿಸುವ ಉಪಕರಣ) ಕ್ಯೂಎನ್‌ಎಚ್‌ (ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯ ಒತ್ತಡ) ಹೊಂದಿಸಿದಾಗ ತೋರಿಸುವುದು ಸಮುದ್ರ ಮಟ್ಟದಿಂದ. ಶಿವಮೊಗ್ಗ ಸುಮಾರು 1,900 ಅಡಿ ಎತ್ತರದಲ್ಲಿದೆ. ಅಲ್ಲಿ ಮೋಡದ ತಳ 800 ಅಡಿ ಅಂದರೆ ಆಲ್ಟಿಮೀಟರ್ 2,700 ತೋರಿಸುವಾಗಲೇ ನೀವು ಮೋಡಕ್ಕೆ ತಲೆ ತಾಗಿಸಿರುತ್ತೀರಿ.

ಪ್ರಶ್ನೆ: ಏಪ್ರಿಲ್ ಮಧ್ಯಾಹ್ನ ಗುಡುಗಿನ ಮೋಡ ದೂರದಲ್ಲಿ ಕಾಣುತ್ತಿದೆ, ರನ್‌ವೇ ಮೇಲೆ ಇನ್ನೂ ಬಿಸಿಲಿದೆ. ಬೇಗ ಇಳಿದುಬಿಡಬಹುದಲ್ಲವೇ?
— ಸಾಗರದ ಓದುಗರು

ಉತ್ತರ: ಬೇಡ. ಮಳೆಗಿಂತ ಮೊದಲು ಬರುವುದು ಗಾಳಿ. ಮೋಡದಿಂದ ಧುಮುಕಿದ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡಿ, ಮಳೆಗಿಂತ ಎಷ್ಟೋ ಕಿಲೋಮೀಟರ್ ಮುಂದೆ ಓಡುತ್ತದೆ. ಅಡಿಕೆ ಮರಗಳು ಒಮ್ಮೆಲೇ ಒಂದೇ ಕಡೆ ಬಾಗಿದ್ದನ್ನು, ಬಯಲಲ್ಲಿ ಧೂಳು ಎದ್ದದ್ದನ್ನು ನೀವು ಊರಲ್ಲೇ ನೋಡಿರುತ್ತೀರಿ. ಇಳಿಯುವ ವಿಮಾನಕ್ಕೆ ಅದು ಮೊದಲು ಎದುರುಗಾಳಿಯಾಗಿ ಬರುತ್ತದೆ, ವೇಗದ ಮುಳ್ಳು ಏರುತ್ತದೆ. ವೇಗ ಹೆಚ್ಚಾಯಿತೆಂದು ಪೈಲಟ್ ಎಂಜಿನ್ ಶಕ್ತಿ ಇಳಿಸುತ್ತಾರೆ. ಮರುಕ್ಷಣ ಕೆಳಗೊತ್ತುವ ಗಾಳಿ, ಅದರ ಬೆನ್ನಿಗೇ ಹಿಂಗಾಳಿ. ಕೈಯಲ್ಲಿ ವೇಗವೂ ಇಲ್ಲ, ಎತ್ತರವೂ ಇಲ್ಲ. ಗುಡುಗಿನ ಮೋಡದಿಂದ 20 ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿಲೋಮೀಟರ್ ದೂರವಿರಿ. ನಮ್ಮ ಕಡೆ ಈ ಮೋಡಗಳು ಹೆಚ್ಚಾಗಿ ಮಧ್ಯಾಹ್ನದ ನಂತರವೇ ಬೆಳೆಯುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಹಾರಾಟವನ್ನು ಬೆಳಿಗ್ಗೆಯೇ ಮುಗಿಸುವುದು ಜಾಣತನ.

ಪ್ರಶ್ನೆ: ಶಿವಮೊಗ್ಗ ವಿಮಾನ ನಿಲ್ದಾಣವಿರುವ ಸೋಗಾನೆಯ ರನ್‌ವೇ 3,200 ಮೀಟರ್ ಉದ್ದವಿದೆ. ಅಂಥ ಕಡೆಯೂ ಬೇಸಿಗೆಯಲ್ಲಿ ಸಣ್ಣ ವಿಮಾನದ ತೂಕ ಲೆಕ್ಕ ಹಾಕಬೇಕೇ?
— ಭದ್ರಾವತಿಯ ಓದುಗರು

ಉತ್ತರ: ಹಾಕಲೇಬೇಕು. 1,900 ಅಡಿಯಲ್ಲಿ ಪ್ರಮಾಣಿತ ವಾತಾವರಣದ (ಲೆಕ್ಕಕ್ಕೆ ಮಾದರಿಯಾಗಿ ಹಿಡಿಯುವ ವಾತಾವರಣದ) ತಾಪಮಾನ ಸುಮಾರು 11 ಡಿಗ್ರಿ. ಹೊರಗೆ 35 ಇದ್ದರೆ 24 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿಯಂತೆ 2,880 ಅಡಿಯನ್ನು ಆ 1,900ಕ್ಕೆ ಕೂಡಿಸಿ. ಒತ್ತಡ ಪ್ರಮಾಣಿತ ಮಟ್ಟದಲ್ಲೇ ಇದ್ದರೂ ನಿಮ್ಮ ರೆಕ್ಕೆ, ಎಂಜಿನ್, ಪ್ರೊಪೆಲ್ಲರ್ ಮೂರಕ್ಕೂ ಅದು ಸುಮಾರು 4,800 ಅಡಿ ಎತ್ತರದ ತೆಳು ಗಾಳಿ. ನೆಲ ಬಿಡಲು ರನ್‌ವೇ ಸಾಕಾಗುತ್ತದೆ, ಸರಿ. ಆದರೆ ಬಿಟ್ಟ ಮೇಲೆ ಏರುವ ವೇಗ ಕುಗ್ಗಿರುತ್ತದೆ, ಪಶ್ಚಿಮಕ್ಕೆ ತಿರುಗಿದರೆ ನೆಲವೇ ಏರುತ್ತಾ ಹೋಗುತ್ತದೆ. ವಿಮಾನದ ಕೈಪಿಡಿಯ ಪಟ್ಟಿಯಲ್ಲಿ ಆ ದಿನದ ತಾಪಮಾನಕ್ಕೆ ಏರುವ ವೇಗ ಎಷ್ಟೆಂದು ನೋಡಿ, ಇಂಧನವೂ ತೂಕವೇ, ಅದನ್ನು ಎಷ್ಟು ತುಂಬಬೇಕೆಂದು ಆಮೇಲೆ ತೀರ್ಮಾನಿಸಿ.