ಪರಭಾಷೆಯ ಮೆಚ್ಚಿನ ಮಾತುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೊರದೇಶಗಳ ಭಾಷೆಗಳಲ್ಲಿ ತಮಗೆ ಪ್ರಿಯವಾದ ಪದ, ಗಾದೆ, ನುಡಿಗಟ್ಟುಗಳ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಏಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಹಲವು ಭಾಷೆಗಳ ಪದಗಳನ್ನು ನೀವು ಈ ಅಂಕಣದಲ್ಲಿ ಪರಿಚಯಿಸುತ್ತಾ ಬಂದಿದ್ದೀರಿ. ಅವುಗಳಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು ಎಂದರೆ ಯಾವುದನ್ನು ಇಟ್ಟುಕೊಳ್ಳುತ್ತೀರಿ?

ಉತ್ತರ: ಸ್ವಾಹಿಲಿಯ ‘ಪೋಲೆ’. ಟಾಂಜಾನಿಯ ಮತ್ತು ಕೆನ್ಯಾಗಳಲ್ಲಿ ದಿನಬೆಳಗಾದರೆ ಕೇಳಿಬರುವ ಎರಡಕ್ಷರದ ಪದ ಇದು. ನಿಘಂಟು ತೆರೆದರೆ ‘ಮೆಲ್ಲನೆಯ’, ‘ಸೌಮ್ಯವಾದ’ ಎಂಬ ಅರ್ಥ ಸಿಗುತ್ತದೆ. ಎರಡು ಸಲ ಸೇರಿಸಿ ‘ಪೋಲೆಪೋಲೆ’ ಎಂದರೆ ‘ನಿಧಾನವಾಗಿ’ ಎಂದಾಗುತ್ತದೆ. ಆದರೆ ಅದನ್ನು ಒಂಟಿಯಾಗಿ, ಎದುರಿಗಿರುವವರ ಮುಖ ನೋಡಿ ಹೇಳಿದಾಗ ಅದರ ಬಣ್ಣವೇ ಬೇರೆ. ಹೊರೆ ಹೊತ್ತು ಬರುತ್ತಿದ್ದವರೊಬ್ಬರು ಹೊಸ್ತಿಲು ಎಡವಿ ಮುಗ್ಗರಿಸಿದರು ಎಂದುಕೊಳ್ಳಿ. ಪಕ್ಕದಲ್ಲಿ ಕುಳಿತಿದ್ದ ಅಪರಿಚಿತರು ತಲೆಯೆತ್ತಿ ‘ಪೋಲೆ’ ಎನ್ನುತ್ತಾರೆ. ಎಡವಿದ್ದರಲ್ಲಿ ಅವರ ತಪ್ಪೇನೂ ಇಲ್ಲ, ಅವರು ಕ್ಷಮೆಯನ್ನೂ ಕೇಳುತ್ತಿಲ್ಲ. ಕ್ಷಮೆ ಕೇಳುವುದಕ್ಕೆ ಆ ಭಾಷೆಯಲ್ಲಿ ‘ಸಮಹಾನಿ’ ಎಂಬ ಪ್ರತ್ಯೇಕ ಪದವಿದೆ. ನಿಮಗೆ ಆದದ್ದನ್ನು ನಾನು ಕಂಡೆ, ನನಗೂ ಅದು ತಾಗಿತು ಎಂಬಷ್ಟನ್ನು ಆ ಪದ ಮುಟ್ಟಿಸುತ್ತದೆ. ದುಡಿಯುತ್ತಿರುವವರಿಗೆ ‘ಪೋಲೆ ನ ಕಾಜಿ’ ಎನ್ನುತ್ತಾರೆ, ಅಂದರೆ ಕೆಲಸದ ಶ್ರಮಕ್ಕಾಗಿ ಪೋಲೆ. ಪ್ರಯಾಣ ಮುಗಿಸಿ ಬಂದವರಿಗೆ ‘ಪೋಲೆ ನ ಸಫಾರಿ’ ಎನ್ನುತ್ತಾರೆ. ಕಾಡುಪ್ರಾಣಿಗಳನ್ನು ನೋಡಲು ಹೋಗುವುದಕ್ಕೆ ನಾವು ಬಳಸುವ ‘ಸಫಾರಿ’ ಸ್ವಾಹಿಲಿಯಲ್ಲಿ ಯಾವುದೇ ಪ್ರಯಾಣಕ್ಕೆ ಸಲ್ಲುವ ಸಾಮಾನ್ಯ ಪದ, ಅರಬ್ಬಿಯಿಂದ ಬಂದದ್ದು. ಪೋಲೆ ಹೇಳಿಸಿಕೊಂಡವರು ‘ಅಸಾಂತೆ’ ಎಂದು ವಂದಿಸಬಹುದು, ಇಲ್ಲವೇ ‘ನಿಮೆಶಪೋವ’ ಎನ್ನಬಹುದು. ಈ ಎರಡನೆಯ ಉತ್ತರ ತಣ್ಣಗಾಗು ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ‘ನಾನು ಆಗಲೇ ತಣ್ಣಗಾದೆ’ ಎಂದು ಅದರ ತಾತ್ಪರ್ಯ. ಕನ್ನಡದಲ್ಲಿ ಇದಕ್ಕೆ ಸಮೀಪದ ಮಾತು ‘ಅಯ್ಯೋ ಪಾಪ’ ಎಂಬುದು. ಆದರೆ ಅದನ್ನು ನೊಂದವರ ಕುರಿತು ಮೂರನೆಯವರ ಬಳಿ ಆಡುವುದೇ ಹೆಚ್ಚು; ನೊಂದವರಿಗೇ ಹೇಳಿದರೆ ಕೆಲವೊಮ್ಮೆ ಅವರನ್ನು ಕುಗ್ಗಿಸಿದಂತೆ ಆಗುತ್ತದೆ. ‘ಪೋಲೆ’ಯಲ್ಲಿ ಆ ಮೇಲುಕೀಳು ಇಲ್ಲ, ಅದಕ್ಕಾಗಿಯೇ ಅದು ನನಗೆ ಇಷ್ಟ.

ಪ್ರಶ್ನೆ: ‘ಅನುವಾದಿಸಲು ಆಗದ ಪದಗಳು’ ಎಂಬ ಪಟ್ಟಿಗಳನ್ನು ಮೇಲಿಂದ ಮೇಲೆ ಓದುತ್ತೇನೆ. ನಿಜವಾಗಿಯೂ ಅವುಗಳನ್ನು ಅನುವಾದಿಸಲು ಆಗುವುದಿಲ್ಲವೇ?

ಉತ್ತರ: ಅರ್ಥ ಹೇಳಲು ಆಗದಿದ್ದರೆ ಆ ಪಟ್ಟಿಯಲ್ಲಿ ಪದದ ಪಕ್ಕದಲ್ಲಿ ಅರ್ಥವನ್ನು ಬರೆಯಲೂ ಆಗುತ್ತಿರಲಿಲ್ಲ. ಇಂಥ ಪಟ್ಟಿಗಳಲ್ಲಿ ತಪ್ಪದೆ ಸಿಗುವ ಜಪಾನೀ ಪದ ‘ಕೊಮೊರೆಬಿ’ಯನ್ನೇ ತೆಗೆದುಕೊಳ್ಳಿ. ಇದರಲ್ಲಿ ‘ಕೊ’ ಎಂದರೆ ಮರ, ‘ಮೊರೆ’ ಎಂದರೆ ಸೋರುವುದು, ‘ಬಿ’ ಎಂದರೆ ಬಿಸಿಲು. ಮರದ ಎಲೆಗಳ ನಡುವಿನಿಂದ ಸೋರುವ ಬಿಸಿಲು ಎಂದು ಕನ್ನಡದಲ್ಲಿ ಹೇಳಿದರೆ ಅರ್ಥ ಪೂರ್ತಿಯಾಗಿ ಬಂತು. ‘ಸೋರು’ ಎಂಬ ನಮ್ಮ ಕ್ರಿಯಾಪದ ಮೂಲದ ಚಿತ್ರವನ್ನೂ ಉಳಿಸಿಕೊಟ್ಟಿತು. ನಮಗೆ ಒಂದು ವರ್ಣನೆಯಾಗಿ ನಿಲ್ಲುವುದು ಅವರಿಗೆ ಒಂದು ಹೆಸರಾಗಿದೆ. ಹೆಸರಿದ್ದಾಗ ವಸ್ತುವಿನತ್ತ ಬೆರಳು ತೋರಿಸಿದರೆ ಸಾಕು, ವಿವರಿಸಬೇಕಾಗಿಲ್ಲ. ವ್ಯತ್ಯಾಸ ಇರುವುದು ಇಷ್ಟರಲ್ಲಿ, ಆದರೆ ಇದು ಸಣ್ಣ ವ್ಯತ್ಯಾಸವೆಂದು ನಾನು ಹೇಳಲಾರೆ.

ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿರುವ ಟಿಯೆರಾ ಡೆಲ್ ಫ್ಯೂಗೊ ದ್ವೀಪಗಳ ಯಾಗಾನ್ ಭಾಷೆಯ ‘ಮಾಮಿಹ್ಲಾಪಿನಾತಪಾಯ್’ ಕೂಡ ಈ ಪಟ್ಟಿಗಳ ಖಾಯಂ ಸದಸ್ಯ. ಇಬ್ಬರಿಗೂ ಬೇಕಾದ ಕೆಲಸವೊಂದನ್ನು ಇನ್ನೊಬ್ಬರೇ ಮೊದಲು ಆರಂಭಿಸಲಿ ಎಂದು ಪರಸ್ಪರ ಮುಖ ನೋಡಿಕೊಳ್ಳುವುದಕ್ಕೆ ಈ ಪದವಿದೆ ಎಂದು ವಿವರಿಸುತ್ತಾರೆ. ಅತಿ ಅಡಕವಾದ ಪದವೆಂದು ಗಿನ್ನೆಸ್ ದಾಖಲೆಯಲ್ಲೂ ಅದು ಸೇರಿತ್ತು. ಮುಂದೇನು ಮಾಡುವುದೆಂದು ತೋಚದಿರುವುದು ಎಂಬ ಅರ್ಥದ ಮೂಲಕ್ಕೆ ಹಿಂದೆ ಮುಂದೆ ಪ್ರತ್ಯಯಗಳನ್ನು ಹೆಣೆದು ಕಟ್ಟಿದ ಪದ ಅದು. ಈ ಪದವನ್ನು ಮೆಚ್ಚಿ ಹಂಚಿಕೊಳ್ಳುವವರು ಆ ಭಾಷೆಯ ಸ್ಥಿತಿಯನ್ನೂ ಜೊತೆಗೆ ಹೇಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಯಾಗಾನ್ ಅನ್ನು ತಾಯ್ನುಡಿಯಾಗಿ ನಿರರ್ಗಳವಾಗಿ ಆಡುತ್ತಿದ್ದ ಕೊನೆಯ ವ್ಯಕ್ತಿ ಎನಿಸಿದ್ದ ಚಿಲಿಯ ಕ್ರಿಸ್ಟೀನಾ ಕಾಲ್ದೆರೋನ್ ಅವರು 2022ರ ಫೆಬ್ರುವರಿಯಲ್ಲಿ ತೀರಿಕೊಂಡರು. ಒಂದು ಪದ ಜಗತ್ತೆಲ್ಲ ಸುತ್ತುತ್ತಿರುವಾಗ ಅದನ್ನು ಹೆತ್ತ ಭಾಷೆಯಲ್ಲಿ ಮನೆಮಾತು ನಿಂತುಹೋಗಿದೆ.

ಪ್ರಶ್ನೆ: ಚೀನೀ ಭಾಷೆಯಲ್ಲಿ ‘ಬಿಕ್ಕಟ್ಟು’ ಎಂಬ ಪದವನ್ನು ‘ಅಪಾಯ’ ಮತ್ತು ‘ಅವಕಾಶ’ ಎಂಬ ಎರಡು ಅಕ್ಷರಗಳಿಂದ ಬರೆಯುತ್ತಾರಂತೆ. ಇದು ನನಗೆ ಬಹಳ ಮೆಚ್ಚಿಗೆಯಾದ ಮಾತು. ನಿಜವೇ?

ಉತ್ತರ: ನಿಮ್ಮ ಮೆಚ್ಚುಗೆಗೆ ನೋವಾಗುವಂತೆ ಬರೆಯಬೇಕಾಗಿದೆ. ಬಿಕ್ಕಟ್ಟಿಗೆ ಚೀನೀ ಪದ ‘ವೇಯ್ ಜೀ’. ‘ವೇಯ್’ ಎಂದರೆ ಅಪಾಯ ಎಂಬುದು ಸರಿ. ‘ಜೀ’ ಎಂಬುದು ಮಾತ್ರ ತಾನಾಗಿ ಅವಕಾಶವಲ್ಲ. ಸ್ಥಿತಿ ಹೊರಳುವ ನಿರ್ಣಾಯಕ ಗಳಿಗೆ ಎಂಬ ಅರ್ಥದಲ್ಲಿ ಅದು ಇಲ್ಲಿ ಬಂದಿದೆ. ‘ಹ್ವೇಯ್’ ಎಂಬ ಇನ್ನೊಂದು ಅಕ್ಷರ ಜೊತೆಗೂಡಿದಾಗ ಅವಕಾಶ ಎಂಬ ಅರ್ಥ ಹುಟ್ಟುತ್ತದೆ. ಅದೇ ‘ಜೀ’ಯ ಹಿಂದೆ ‘ಫೇಯ್’ ಸೇರಿದರೆ ವಿಮಾನ, ಏಕೆಂದರೆ ಯಂತ್ರ ಎಂಬ ಅರ್ಥವೂ ಅದಕ್ಕಿದೆ. ಜಾನ್ ಎಫ್. ಕೆನಡಿ ಅವರು ಅಮೆರಿಕದ ಅಧ್ಯಕ್ಷರಾಗುವ ಮುನ್ನ, 1959ರಲ್ಲಿ, ಭಾಷಣವೊಂದರಲ್ಲಿ ಈ ಎರಡಕ್ಷರದ ವಿವರಣೆಯನ್ನು ಹೇಳಿದ್ದರು. ಅವರ ಬಾಯಿಂದ ಬಂದ ಮೇಲೆ ಭಾಷಣಕಾರರೆಲ್ಲ ಅದನ್ನು ಎತ್ತಿಕೊಂಡರು.

‘ನೀನು ಕುತೂಹಲಕಾರಿ ಕಾಲದಲ್ಲಿ ಬಾಳುವಂತಾಗಲಿ’ ಎಂಬ ಶಾಪವನ್ನೂ ಚೀನೀಯರ ತಲೆಗೆ ಕಟ್ಟಲಾಗಿದೆ, ಆದರೆ ಚೀನೀ ಭಾಷೆಯಲ್ಲಿ ಅಂಥ ಶಾಪ ಸಿಕ್ಕಿಲ್ಲ. ಅದಕ್ಕೆ ಸಮೀಪದ್ದೆಂದು ತೋರಿಸಬಹುದಾದ ನಿಜವಾದ ಚೀನೀ ಮಾತು ಬೇರೆ ಇದೆ: ಕ್ಷೋಭೆಯ ಕಾಲದಲ್ಲಿ ಮನುಷ್ಯನಾಗಿರುವುದಕ್ಕಿಂತ ಶಾಂತಿಯ ಕಾಲದಲ್ಲಿ ನಾಯಿಯಾಗಿರುವುದು ಲೇಸು. ಶಾಪಕ್ಕಿಂತ ಈ ಮಾತು ಎಷ್ಟೋ ಆಳವಾದದ್ದು; ಯುದ್ಧದಲ್ಲಿ ಮನೆಮಠ ಕಳೆದುಕೊಂಡವರು ಮಾತ್ರ ಹೀಗೆ ಹೇಳಬಲ್ಲರು.

ಪ್ರಶ್ನೆ: ಕಷ್ಟದಲ್ಲಿದ್ದಾಗ ನೆನೆಯಬಹುದಾದ ಪರದೇಶದ ಗಾದೆಗಳನ್ನು ತಿಳಿಸಿ.

ಉತ್ತರ: ರಷ್ಯನ್ ಭಾಷೆಯ ‘ಊತ್ರ ವೇಚೆರ ಮುದ್ರೆನೇಯೆ’ ಎಂಬುದನ್ನು ಮೊದಲು ಹೇಳುತ್ತೇನೆ. ಸಂಜೆಗಿಂತ ಮುಂಜಾನೆ ಹೆಚ್ಚು ವಿವೇಕಿ ಎಂಬುದು ಇದರ ಅರ್ಥ. ರಷ್ಯದ ಜನಪದ ಕಥೆಗಳಲ್ಲಿ ರಾಜನು ಒಪ್ಪಿಸಿದ ಅಸಾಧ್ಯ ಕೆಲಸವನ್ನು ನೆನೆದು ನಾಯಕನು ತಲೆತಗ್ಗಿಸಿ ಮನೆಗೆ ಬಂದಾಗ, ಕಪ್ಪೆಯ ರೂಪದಲ್ಲಿರುವ ಹೆಂಡತಿ ಅವನಿಗೆ ಉಪಾಯವನ್ನೇನೂ ವಿವರಿಸದೆ, ಈಗ ಮಲಗು ಎಂದು ಈ ಮಾತನ್ನು ಹೇಳುತ್ತಾಳೆ. ಬೆಳಗಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ನಮ್ಮ ಕೆಲಸಗಳು ಹಾಗೆ ತಾವಾಗಿ ಮುಗಿಯುವುದಿಲ್ಲ ನಿಜ, ಆದರೆ ರಾತ್ರಿ ಹನ್ನೊಂದಕ್ಕೆ ಬೆಟ್ಟವಾಗಿ ಕಂಡದ್ದು ಬೆಳಿಗ್ಗೆ ಆರಕ್ಕೆ ಗುಡ್ಡವಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕೋಪದಲ್ಲಿ ಬರೆದ ಪತ್ರಗಳನ್ನು ಮರುದಿನ ಓದದೆ ಕಳುಹಿಸಬಾರದೆಂಬ ನನ್ನ ನಿಯಮಕ್ಕೆ ಈ ಗಾದೆಯೇ ಆಧಾರ.

ಚೀನೀಯರ ‘ಸಾಯ್ ವಂಗ್ ಶೀ ಮಾ’, ಅಂದರೆ ‘ಗಡಿಯ ಮುದುಕ ಕುದುರೆ ಕಳೆದುಕೊಂಡ’, ಎಂಬ ನಾಲ್ಕಕ್ಷರದ ನುಡಿಗಟ್ಟಿನ ಹಿಂದೆ ಇಡೀ ಒಂದು ಕಥೆಯಿದೆ. ಕ್ರಿ.ಪೂ. 139ರಲ್ಲಿ ಹಾನ್ ವಂಶದ ಚಕ್ರವರ್ತಿ ವೂಗೆ ಅರ್ಪಿತವಾದ ‘ಹ್ವಾಯ್ ನಾನ್ ಜ಼ೀ’ ಗ್ರಂಥದಲ್ಲಿ ಅದು ಬರುತ್ತದೆ. ಗಡಿನಾಡಿನ ಮುದುಕನೊಬ್ಬನ ಕುದುರೆ ಓಡಿಹೋಗುತ್ತದೆ. ನೆರೆಯವರು ಸಂತಾಪ ಹೇಳಲು ಬಂದರೆ, ಇದು ಒಳ್ಳೆಯದಕ್ಕೇ ಆಗಿರಬಾರದೇಕೆ ಎನ್ನುತ್ತಾನೆ. ಕೆಲವು ತಿಂಗಳಲ್ಲಿ ಕುದುರೆ ಉತ್ತಮ ತಳಿಯ ಕುದುರೆಗಳ ಜೊತೆ ಮರಳುತ್ತದೆ; ಜನ ಅಭಿನಂದಿಸಿದರೆ, ಇದು ಕೇಡಿಗೆ ಆಗಿರಬಾರದೇಕೆ ಎನ್ನುತ್ತಾನೆ. ಮಗ ಸವಾರಿ ಮಾಡಲು ಹೋಗಿ ಬಿದ್ದು ತೊಡೆಯೆಲುಬು ಮುರಿದುಕೊಳ್ಳುತ್ತಾನೆ. ಮರುವರ್ಷ ದಂಡೆತ್ತಿ ಬಂದವರ ವಿರುದ್ಧ ಹೋರಾಡಲು ಹೋದ ಯುವಕರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸಾಯುತ್ತಾರೆ, ಕುಂಟನಾದ ಮಗ ಉಳಿಯುತ್ತಾನೆ. ಇಂದು ಚೀನೀ ಮಾತುಗಾರರು ಕಥೆಯನ್ನು ಹೇಳುವುದಿಲ್ಲ, ಆ ನಾಲ್ಕಕ್ಷರಗಳನ್ನು ಹೇಳಿ ಸುಮ್ಮನಾಗುತ್ತಾರೆ. ಕೇಳಿದವರಿಗೆ ಮುದುಕನ ಮುಖವೇ ಕಾಣುತ್ತದೆ.

ಸ್ಪ್ಯಾನಿಷ್‌ನ ಒಂದು ಗಾದೆಯನ್ನು ಅವಸರದ ಸ್ವಭಾವದವರಿಗೆ ಸೂಚಿಸುತ್ತೇನೆ. ನಸುಕಿನಲ್ಲೇ ಏಳುವುದಕ್ಕೆ ಆ ಭಾಷೆಯಲ್ಲಿ ‘ಮದ್ರುಗಾರ್’ ಎಂಬ ಕ್ರಿಯಾಪದವಿದೆ. ಎಷ್ಟೇ ಬೇಗ ಎದ್ದರೂ ಬೆಳಗಾಗುವುದು ಬೇಗ ಆಗುವುದಿಲ್ಲ ಎಂದು ಗಾದೆ. ಬೇಗ ಏಳುವವರಿಗೆ ದೇವರು ನೆರವಾಗುತ್ತಾನೆ ಎಂಬ ಗಾದೆಯೂ ಅದೇ ಭಾಷೆಯಲ್ಲಿದೆ. ಒಂದನ್ನೊಂದು ಅಲ್ಲಗಳೆಯುವ ಇವೆರಡನ್ನೂ ಜನ ಸಂದರ್ಭಕ್ಕೆ ತಕ್ಕಂತೆ ಆಡುತ್ತಾರೆ, ಗಾದೆಗಳು ಇರುವುದೇ ಹಾಗೆ.

ಪ್ರಶ್ನೆ: ‘ಎಂದಿಗೂ ಆಗದು’ ಎಂಬುದನ್ನು ಬೇರೆ ಭಾಷೆಗಳಲ್ಲಿ ಹೇಗೆ ಹೇಳುತ್ತಾರೆ?

ಉತ್ತರ: ರಷ್ಯನ್ನರು ‘ಬೆಟ್ಟದ ಮೇಲೆ ಸೀಗಡಿಯಂಥ ಜಲಚರ ಸಿಳ್ಳೆ ಹೊಡೆದಾಗ’ ಎನ್ನುತ್ತಾರೆ, ತುರ್ಕರು ‘ಮೀನು ಪಾಪ್ಲರ್ ಮರ ಹತ್ತಿದಾಗ’ ಎನ್ನುತ್ತಾರೆ. ನೀರಿನ ಜೀವವನ್ನು ನೀರಿನಿಂದ ಎತ್ತಿ ಮೇಲೇರಿಸುವುದು ಎರಡು ಭಾಷೆಗಳಿಗೂ ಹೊಳೆದಿದೆ.

ಪ್ರಶ್ನೆ: ಆರು ತಿಂಗಳಿಂದ ಪರಭಾಷೆಯೊಂದನ್ನು ಕಲಿಯುತ್ತಿದ್ದೇನೆ. ನುಡಿಗಟ್ಟುಗಳನ್ನು ಬಾಯಿಪಾಠ ಮಾಡುತ್ತೇನೆ, ಆದರೆ ಮಾತಿನ ನಡುವೆ ಒಂದೂ ಬಾಯಿಗೆ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಪದವನ್ನು ಅರ್ಥದ ಜೊತೆ ಕಲಿಯುವ ಬದಲು ಅದಕ್ಕೆ ಬರುವ ಮರುಮಾತಿನ ಜೊತೆ ಕಲಿಯಿರಿ. ನನ್ನ ಟಿಪ್ಪಣಿ ಪುಸ್ತಕದ ಎಡಪುಟದಲ್ಲಿ ಒಬ್ಬರು ಹೇಳುವುದನ್ನೂ ಬಲಪುಟದಲ್ಲಿ ಇನ್ನೊಬ್ಬರು ಉತ್ತರಿಸುವುದನ್ನೂ ಬರೆದುಕೊಳ್ಳುತ್ತೇನೆ. ಪಾರಸಿಯಲ್ಲಿ ಯಾರಾದರೂ ಉಪಕಾರ ಮಾಡಿದರೆ ‘ದಸ್ತೆತ್ ದರ್ದ್ ನಕೊನೆ’, ನಿನ್ನ ಕೈ ನೋಯದಿರಲಿ, ಎನ್ನುತ್ತಾರೆ. ಅದಕ್ಕೆ ‘ಸರೆತ್ ದರ್ದ್ ನಕೊನೆ’, ನಿನ್ನ ತಲೆ ನೋಯದಿರಲಿ, ಎಂಬ ಉತ್ತರ ಬರುತ್ತದೆ. ಅರಬ್ಬಿಯಲ್ಲಿ ‘ಸಬಾಹ್ ಅಲ್ ಖೈರ್’, ಒಳಿತಿನ ಮುಂಜಾವು, ಎಂದವರಿಗೆ ‘ಸಬಾಹ್ ಅನ್ನೂರ್’, ಬೆಳಕಿನ ಮುಂಜಾವು, ಎಂದು ಹಿಂದಿರುಗಿಸುತ್ತಾರೆ. ಜೋಡಿಯಾಗಿ ಕಲಿತ ಮಾತು ಒಂದು ಕಿವಿಗೆ ಬಿದ್ದ ಕೂಡಲೇ ಇನ್ನೊಂದನ್ನು ಎಳೆದು ತರುತ್ತದೆ. ಜೊತೆಗೆ, ಯಾವ ಗಳಿಗೆಯಲ್ಲಿ ಹೇಳುತ್ತಾರೆಂಬುದನ್ನೂ ಗುರುತು ಮಾಡಿಕೊಳ್ಳಿ. ತುರ್ಕಿಯಲ್ಲಿ ಕೆಲಸದಲ್ಲಿ ತೊಡಗಿರುವವರನ್ನು ದಾಟಿ ಹೋಗುವಾಗ ‘ಕೊಲಾಯ್ ಗೆಲ್ಸಿನ್’, ಸಲೀಸಾಗಲಿ, ಎನ್ನಬೇಕು; ಹೊಸ ವಸ್ತು ಕೊಂಡವರಿಗೆ ‘ಗ್ಯೂಲೆ ಗ್ಯೂಲೆ ಕುಲ್ಲಾನ್’, ನಗುನಗುತ್ತಾ ಬಳಸು, ಎನ್ನಬೇಕು. ಆ ಗಳಿಗೆ ಎದುರಾದಾಗ ಧೈರ್ಯವಾಗಿ ಒಮ್ಮೆ ಹೇಳಿಬಿಡಿ, ಉಚ್ಚಾರ ತಪ್ಪಿದರೂ ಅವರ ಮುಖ ಅರಳುತ್ತದೆ.

ಪ್ರಶ್ನೆ: ದೂರದ ದೇಶದಲ್ಲಿರುವ ಗೆಳತಿಗೆ ಪತ್ರ ಬರೆಯುತ್ತಿದ್ದೇನೆ. ಅಗಲಿಕೆಯನ್ನು ಹೇಳುವ ಪರಭಾಷೆಯ ಮಾತೊಂದನ್ನು ಸೇರಿಸಬೇಕೆಂದಿದೆ. ಕನ್ನಡದ ನಡುವೆ ಅದು ಅಸಹಜವಾಗುವುದೇ?

ಉತ್ತರ: ಅಸಹಜವಾಗಬೇಕಿಲ್ಲ. ನಾವು ದಿನವೂ ಆಡುವ ‘ಬೇಜಾರು’ ಕೂಡ ಪರಭಾಷೆಯದೇ, ಪಾರಸಿಯಿಂದ ಬಂದದ್ದು. ಅಲ್ಲಿ ಅದಕ್ಕೆ ರೋಸಿಹೋದ, ವಿಮುಖನಾದ ಎಂಬ ಅರ್ಥವಿದೆ. ನಮ್ಮಲ್ಲಿ ಕೆಲಸವಿಲ್ಲದೆ ಕುಳಿತರೂ ಬೇಜಾರು, ಆಪ್ತರು ಕಟುವಾಗಿ ಮಾತಾಡಿದರೂ ಬೇಜಾರು, ‘ಬೇಜಾರು ಮಾಡಿಕೊಳ್ಳಬೇಡಿ’ ಎಂಬುದು ಕ್ಷಮೆಯ ಕೋರಿಕೆ. ಆಗ ಸಮಾಧಾನ ಹೇಳುವ ‘ಪರವಾಗಿಲ್ಲ’ದಲ್ಲಿರುವ ‘ಪರವಾ’ ಕೂಡ ಪಾರಸಿಯದೇ.

ಇನ್ನು ಅಗಲಿಕೆಯ ಮಾತು. ಫ್ರೆಂಚ್‌ನ ‘ತು ಮ ಮಾಂಕ್’ ಎಂಬುದರಲ್ಲಿ ನೆನೆಯುವವರು ಕರ್ತೃವಲ್ಲ, ‘ನೀನು ನನಗೆ ಕೊರತೆಯಾಗಿದ್ದೀಯ’ ಎಂದು ಅದರ ರಚನೆ. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಎಡವುತ್ತಾರೆ; ‘ನನಗೆ ನಿನ್ನ ನೆನಪಾಗುತ್ತಿದೆ’ ಎನ್ನುವ ನಮಗೆ ‘ನನಗೆ’ ಎಂಬ ವಿಭಕ್ತಿ ಆಗಲೇ ಕೈವಶವಾಗಿದೆ. ಪೋರ್ಚುಗೀಸರ ‘ಸೌದಾದೆ’ಯ ಮೂಲ ಏಕಾಂತ ಎಂಬರ್ಥದ ಲ್ಯಾಟಿನ್ ಪದ. ಅಗಲಿದವರು ಮತ್ತೆ ಸೇರಿದಾಗ ‘ಸೌದಾದೆಯನ್ನು ಕೊಲ್ಲುವುದು’ ಎನ್ನುತ್ತಾರೆ. ಕಳೆದುದರ ಹಂಬಲಕ್ಕೆ ಇಂಗ್ಲಿಷ್‌ನಲ್ಲಿ ಬಳಸುವ ‘ನಾಸ್ಟಾಲ್ಜಿಯಾ’ ಮೊದಲಿಗೆ ರೋಗದ ಹೆಸರು. ಮನೆಯ ಹಂಬಲದಿಂದ ಕಾಯಿಲೆ ಬೀಳುವುದನ್ನು ಹೆಸರಿಸಲು 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಬಾಸೆಲ್‌ನಲ್ಲಿ ಮಂಡಿಸಿದ ಪ್ರಬಂಧದಲ್ಲಿ ಗ್ರೀಕ್‌ನ ಮರಳುವಿಕೆ ಮತ್ತು ನೋವು ಎಂಬೆರಡು ಪದಗಳನ್ನು ಜೋಡಿಸಿದ.

ನಿಮ್ಮ ಪತ್ರಕ್ಕೆ ನಾನು ಪಾರಸಿಯನ್ನೇ ಸೂಚಿಸುತ್ತೇನೆ. ನಾಲ್ವರು ಕೂಡಿ ನಕ್ಕುನಲಿದು ಬಂದವರು, ಅಲ್ಲಿಗೆ ಬರಲಾಗದ ಗೆಳೆಯರಿಗೆ ‘ಜಾತ್ ಖಾಲಿ’ ಎನ್ನುತ್ತಾರೆ. ನಿನ್ನ ಜಾಗ ಖಾಲಿ ಎಂದರ್ಥ. ‘ಜಾಗ’, ‘ಖಾಲಿ’ ಎರಡೂ ಪಾರಸಿಯ ದಾರಿಯಲ್ಲಿ ಬಂದು ನಮ್ಮಲ್ಲಿ ನೆಲೆನಿಂತ ಪದಗಳೇ ಆಗಿರುವುದರಿಂದ, ‘ನಿನ್ನೆ ಎಲ್ಲರೂ ಸೇರಿದ್ದೆವು, ನಿನ್ನ ಜಾಗ ಖಾಲಿಯಿತ್ತು’ ಎಂದು ಕನ್ನಡದಲ್ಲೇ ಬರೆಯಿರಿ. ನಿಮ್ಮ ಗೆಳತಿಗೆ ಅರ್ಥ ಬಿಡಿಸಿ ಹೇಳಬೇಕಾಗುವುದಿಲ್ಲ.