ಸೊಂಟದ ಕೀಲು ಉಳುಕಿದರೆ ಎಷ್ಟು ದಿನ ಮಲಗಿರಬೇಕು, ಬಿಗಿತಕ್ಕೆ ಯಾವ ಸ್ಟ್ರೆಚ್ ಒಳ್ಳೆಯದು?

ಕಾಲು ಜಾರಿದ ಮೇಲೆ ತೊಡೆಸಂದು ಬಿಗಿದುಕೊಂಡಿದೆ ಅಂದಿದ್ದೀರಿ. ಸದ್ಯಕ್ಕೆ ಯಾವ ಸ್ಟ್ರೆಚ್ಚೂ ಬೇಡ. ದಿನಗಟ್ಟಲೆ ಮಲಗಿರುವುದೂ ಬೇಡ.

ನನಗೂ ಹೀಗೇ ಆಗಿತ್ತು. ಒದ್ದೆ ನೆಲದ ಮೇಲೆ ಒಂದು ಕಾಲು ಪಕ್ಕಕ್ಕೆ ಜಾರಿತು. ಬೀಳಲಿಲ್ಲ, ಆದರೆ ತೊಡೆಸಂದಿನಲ್ಲಿ ಚಳಕ್ ಅಂತ ಹಿಡಿದುಕೊಂಡಿತು. ಆವತ್ತು ಕುಂಟಿಕೊಂಡೇ ಓಡಾಡಿದೆ. ಮಾರನೇ ದಿನ ಪ್ಯಾಂಟ್ ಹಾಕಿಕೊಳ್ಳಲು ಕಾಲು ಮೇಲೇಳಲೇ ಇಲ್ಲ. ಮಂಚದ ಮೇಲೆ ಕೂತು, ಮಂಡಿಯನ್ನು ಕೈಯಿಂದ ಎತ್ತಿ ಹಿಡಿದು ಪಾದ ತೂರಿಸಬೇಕಾಯಿತು.

ನೋವಿಗಿಂತ ಬಿಗಿತವೇ ಜಾಸ್ತಿ ಇತ್ತು. ಬಿಗಿತ ಅಂದ್ರೆ ಸಡಿಲ ಮಾಡಬೇಕು ಅಲ್ವಾ? ದಿನಾ ಬೆಳಿಗ್ಗೆ ಅಂಗಾಲು ಜೋಡಿಸಿ ಕೂತು, ಮಂಡಿಗಳನ್ನು ನೆಲದ ಕಡೆ ಒತ್ತುತ್ತಿದ್ದೆ. ಎಳೆದ ಮೇಲೆ ಸ್ವಲ್ಪ ಹೊತ್ತು ಹಗುರ ಅನ್ನಿಸುತ್ತಿತ್ತು. ನಾನು ಮೋಸ ಹೋಗಿದ್ದು ಆ ಹಗುರಕ್ಕೇ. ಸಂಜೆಗೆ ಮತ್ತೆ ಬಿಗಿತ, ಮಾರನೇ ದಿನ ಇನ್ನಷ್ಟು ಜೋರಾಗಿ ಎಳೆತ. ಕೆಲವೇ ವಾರದಲ್ಲಿ ಹೋಗಬೇಕಿದ್ದ ನೋವು ತಿಂಗಳುಗಟ್ಟಲೆ ಉಳಿಯಿತು.

ಒಳಗೆ ಏನಾಗುತ್ತಿತ್ತು ಅಂತ ಕೊನೆಗೆ ಫಿಸಿಯೋಥೆರಪಿಸ್ಟ್ ಹೇಳಿದರು. ಮೂಳೆಗೆ ಮೂಳೆಯನ್ನು ಕಟ್ಟಿರುವ ಲಿಗಮೆಂಟ್ ಎಳೆದುಕೊಂಡರೆ ಅದು ಉಳುಕು. ಸೊಂಟದ ಕೀಲಿನ ಮುಂದಿರುವ ಲಿಗಮೆಂಟ್ ಇಡೀ ಮೈಯಲ್ಲೇ ಗಟ್ಟಿಯಾದದ್ದು, ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಇಂಥ ಜಾರಾಟದಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ತೊಡೆಯ ಒಳಭಾಗದ ಸ್ನಾಯು, ಇಲ್ಲವೇ ಕಾಲನ್ನು ಮೇಲೆತ್ತುವ ಸ್ನಾಯು. ಅದರ ಎಳೆಗಳು ಹರಿದಾಗ ಸುತ್ತಲಿನ ಸ್ನಾಯುಗಳು ತಾವಾಗಿಯೇ ಸೆಟೆದುಕೊಂಡು ಆ ಜಾಗ ಅಲುಗಾಡದಂತೆ ಕಾಯುತ್ತವೆ. ನಮಗೆ ಬಿಗಿತ ಅನ್ನಿಸುವುದು ಹೆಚ್ಚಾಗಿ ಈ ಕಾವಲು. ಅಂದರೆ ಕೂಡಿಕೊಳ್ಳುತ್ತಿದ್ದ ಎಳೆಗಳನ್ನು ನಾನು ಹೊಸ ಹೊಲಿಗೆ ಜಗ್ಗಿದಂತೆ ದಿನಾ ಬೆಳಿಗ್ಗೆ ಜಗ್ಗುತ್ತಿದ್ದೆ.

ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಒಂದು ಸಲಕ್ಕೆ 15-20 ನಿಮಿಷ. ಬಿಸಿ ಶಾಖ ಬೇಡ, ಯಾರ ಕೈಲೂ ತಿಕ್ಕಿಸಬೇಡಿ. ಕುಂಟುತ್ತಿದ್ದರೆ ಕೋಲು ಹಿಡಿಯಿರಿ, ನೋವಿಲ್ಲದ ಕಡೆಯ ಕೈಯಲ್ಲಿ. ನೋವಿರುವ ಕಡೆ ಹಿಡಿದರೆ ಕೀಲಿನ ಭಾರ ಅಷ್ಟಾಗಿ ಇಳಿಯುವುದಿಲ್ಲ. ಮಗ್ಗುಲಾಗಿ ಮಲಗುವಾಗ ಮಂಡಿಗಳ ನಡುವೆ ದಿಂಬಿರಲಿ.

ನನ್ನನ್ನು ನಿಜವಾಗಿ ಎಬ್ಬಿಸಿದ್ದು ಆ ದಿಂಬೇ. ಅಂಗಾತ ಮಲಗಿ, ಮಂಡಿ ಮಡಚಿ, ದಿಂಬನ್ನು ನಡುವೆ ಇಟ್ಟು ಮೆಲ್ಲಗೆ ಒತ್ತಬೇಕು. ಕೀಲು ಅಲುಗುವುದಿಲ್ಲ, ಸ್ನಾಯುವಿಗೆ ಮಾತ್ರ ಕೆಲಸ. ಐದಾರು ಸೆಕೆಂಡ್ ಹಿಡಿದು ಬಿಡಿ. ಸ್ವಲ್ಪ ನೋವಾದರೆ ಪರವಾಗಿಲ್ಲ. ಮಾರನೇ ದಿನ ನೋವು ಜಾಸ್ತಿ ಆಗಿದ್ದರೆ ಒತ್ತಿದ್ದು ಹೆಚ್ಚಾಯಿತು ಅಂತ. ಇದಕ್ಕೆ ಮುಂಚೆ ನೋವಿನ ಮಾತ್ರೆ ನುಂಗಬೇಡಿ, ಅಳತೆಯೇ ಸಿಗುವುದಿಲ್ಲ. ಇದು ಸಲೀಸಾದ ಮೇಲೆ ಸೊಂಟ ಮೇಲೆತ್ತುವುದು, ಆಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು.

ಆದರೆ ಕಾಲಿನ ಮೇಲೆ ಭಾರವನ್ನೇ ಹಾಕಲಾಗದಿದ್ದರೆ, ಕಾಲು ಗಿಡ್ಡವಾದಂತೆ ಅಥವಾ ಹೊರಕ್ಕೆ ತಿರುಗಿದಂತೆ ಕಂಡರೆ, ಜ್ವರ ಬಂದರೆ, ಜೋಮು ಹಿಡಿದರೆ ನನ್ನ ಉತ್ತರ ಬಿಟ್ಟು ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ವಯಸ್ಸಾದವರು ಬಿದ್ದಿದ್ದರೆ ಎಕ್ಸ್-ರೇ ತಪ್ಪಿಸಲೇಬೇಡಿ. ಕೀಲು ಕಟಕ್ ಅಂತ ಸಿಕ್ಕಿಹಾಕಿಕೊಳ್ಳುತ್ತಿದ್ದರೂ ತೋರಿಸಿ, ಒಳಗಿನ ಮೃದುಮೂಳೆಯ ಅಂಚು ಹರಿದಿರಬಹುದು.

ವಾಸಿಯಾಗಲು ಎಷ್ಟು ದಿನ ಅನ್ನುವುದಕ್ಕೆ ಕ್ಯಾಲೆಂಡರ್ ನೋಡಬೇಡಿ. ಸಣ್ಣ ಎಳೆತ ಕೆಲವು ವಾರದಲ್ಲಿ ಹೋಗುತ್ತದೆ, ಪೂರ್ತಿ ಹರಿದರೆ ತಿಂಗಳುಗಳೇ ಬೇಕು. ಮೆಟ್ಟಿಲು ಇಳಿಯುವಾಗ, ಒಂಟಿ ಕಾಲಲ್ಲಿ ನಿಂತಾಗ, ದಿಂಬನ್ನು ಜೋರಾಗಿ ಒತ್ತಿದಾಗ, ಈ ಮೂರರಲ್ಲೂ ನೋವಿಲ್ಲ ಅಂದಮೇಲೆ ಸ್ಟ್ರೆಚ್ ಶುರು ಮಾಡಿ. ಓಟ ಅದಕ್ಕೂ ಆಮೇಲೆ.